ಹಾಕಿದ ಫೋಟೋ ಒಂದು, ಕಾಣುವ ಫೋಟೋ ಇನ್ನೊಂದು: ಅಪ್‌ಲೋಡ್ ಚಿತ್ರಗಳ ಹೆಸರಿನ ದೋಷ ಹಿಡಿಯುವ ಬಗೆ

"ಏನಪ್ಪಾ, ನಾನು ಹಾಕಿದ್ದು ಮಾಸ್ತಿಕಲ್ಲು. ನಿನ್ನ ಸೈಟು ತೋರಿಸ್ತಿರೋದು ಯಾವುದೋ ಕೆರೆ ಏರಿ. ಅದೂ ನಮ್ಮೂರ ಕೆರೆ ಅಲ್ಲ."

ಭಾನುವಾರ ಬೆಳಿಗ್ಗೆ ಮೇಷ್ಟ್ರ ಫೋನು. ನಾವೊಂದಿಷ್ಟು ಜನ ರಜೆ ದಿನಗಳಲ್ಲಿ ಊರೂರು ಸುತ್ತಿ ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳ ಫೋಟೋ ತೆಗೆದು ಒಂದು ಪುಟ್ಟ ಜಾಲತಾಣಕ್ಕೆ ಹಾಕುತ್ತೇವೆ. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದರ ಕೋಡು ಬರೆದವನು ನಾನೇ ಆದ್ದರಿಂದ ಬೈಗುಳವೂ ನನ್ನ ಪಾಲಿಗೇ. "ಬ್ರೌಸರಿನ ಕ್ಯಾಷ್ ಇರಬೇಕು ಮೇಷ್ಟ್ರೇ, ಕಂಟ್ರೋಲ್ ಹಿಡಿದು ಎಫ್5 ಒತ್ತಿ" ಅಂದೆ. ಒತ್ತಿದರು. ಕೆರೆ ಏರಿ ಹೋಗಿ ಯಾರದೋ ಮನೆಯ ನಾಯಿ ಬಂತು. ನಾಯಿಯ ಹಿಂದೆ ಒಂದು ವೀರಗಲ್ಲು ಇತ್ತಂತೆ, ಅದು ಬೇರೆ ಮಾತು.

ಆ ನಾಯಿಯೇ ನನಗೆ ಸಿಕ್ಕ ಮೊದಲ ಸುಳಿವು. ಕ್ಯಾಷ್, ಅಂದರೆ ಬ್ರೌಸರು ತನ್ನ ಬಳಿ ಉಳಿಸಿಕೊಂಡ ಹಳೆಯ ಪ್ರತಿ, ಮಾತ್ರ ಕಾರಣವಾಗಿದ್ದರೆ ತಾಜಾ ಮಾಡಿದಾಗ ಮಾಸ್ತಿಕಲ್ಲು ಬರಬೇಕಿತ್ತು. ಬಂದದ್ದು ಮೂರನೆಯ ಚಿತ್ರ. ಅಂದರೆ ಸರ್ವರಿನಲ್ಲಿ ಒಂದೇ ಫೈಲಿನ ಮೇಲೆ ಒಬ್ಬರಾದ ಮೇಲೆ ಒಬ್ಬರು ಬರೆಯುತ್ತಿದ್ದಾರೆ. ಮುಂದಿನ ಎರಡು ದಿನ ಅದರ ಹಿಂದೆ ಬಿದ್ದೆ. ಹಾದಿಯಲ್ಲಿ ಎಡವಿದ ಕಲ್ಲುಗಳನ್ನೂ ಸೇರಿಸಿ ಇಲ್ಲಿ ಬರೆದಿಡುತ್ತಿದ್ದೇನೆ. ಉದಾಹರಣೆಗಳು ಪಿಎಚ್‌ಪಿ ಮತ್ತು ಲಿನಕ್ಸ್ ಸರ್ವರಿನವು. ಪೈಥಾನ್, ನೋಡ್ ಬಳಸುವವರಿಗೂ ರೋಗ ಇದೇ, ಮಾತ್ರೆಯ ಹೆಸರು ಬೇರೆ ಅಷ್ಟೇ.

ಕೋಡು ಮುಟ್ಟುವ ಮುನ್ನ

"ಫೋಟೋ ಸರಿಯಾಗಿ ಬರ್ತಿಲ್ಲ" ಎನ್ನುವ ಒಂದೇ ದೂರಿನ ಒಳಗೆ ಮೂರು ಬೇರೆ ರೋಗಗಳಿರಬಹುದು. ಫೈಲು ಸರ್ವರಿಗೆ ಬಂದೇ ಇಲ್ಲ. ಬಂದಿದೆ, ಆದರೆ ಅದರ ಮೇಲೆ ಇನ್ನೊಂದು ಕೂತಿದೆ. ಬಂದು ಸರಿಯಾಗಿಯೇ ಇದೆ, ನೋಡುವವರ ಬ್ರೌಸರು ಹಳೆಯದನ್ನು ತೋರಿಸುತ್ತಿದೆ. ಇವನ್ನು ಬೇರ್ಪಡಿಸದೆ ಕೋಡಿಗೆ ಕೈ ಹಾಕಿದರೆ ಇಲ್ಲದ ದೋಷ ಸರಿಮಾಡಿ ಇರುವ ದೋಷ ಉಳಿಸಿಕೊಳ್ಳುತ್ತೀರಿ. ನಾನು ಮೊದಲ ಅರ್ಧ ದಿನ ಮಾಡಿದ್ದು ಅದನ್ನೇ.

ಕ್ಯಾಷ್ ಹೌದೋ ಅಲ್ಲವೋ ತಿಳಿಯಲು ಚಿತ್ರದ ವಿಳಾಸದ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಮುಂದೆ ಯಾವುದಾದರೂ ಅಂಕಿ ಸೇರಿಸಿ ಹೊಸ ಟ್ಯಾಬಿನಲ್ಲಿ ತೆರೆಯಿರಿ. ಬ್ರೌಸರಿಗೆ ಅದು ಹೊಸ ವಿಳಾಸ, ಹಾಗಾಗಿ ಸರ್ವರಿನಿಂದಲೇ ತರುತ್ತದೆ. ಸರಿಯಾದ ಚಿತ್ರ ಬಂದರೆ ಕ್ಯಾಷ್ ಎಂದು ಬರೆದುಕೊಳ್ಳಿ. ಆದರೂ ಅಲ್ಲಿಗೇ ಕೈಬಿಡಬೇಡಿ. ಒಂದೇ ವಿಳಾಸದಲ್ಲಿ ಚಿತ್ರ ಬದಲಾಗುತ್ತಿದೆ ಎಂದರೆ ಹಳೆಯ ಹೆಸರಿನ ಮೇಲೆಯೇ ಹೊಸ ಫೈಲು ಬರೆಯಲಾಗುತ್ತಿದೆ ಎಂದೇ ಅರ್ಥ.

ಮೇಲೆ ಕೂತಿದೆಯೋ ಎಂದು ತಿಳಿಯಲು ಎರಡು ಲೆಕ್ಕ ಸಾಕು. ಡೇಟಾಬೇಸಿನಲ್ಲಿ ಚಿತ್ರದ ದಾಖಲೆಗಳು ಎಷ್ಟು, ಫೋಲ್ಡರಿನಲ್ಲಿ ಫೈಲುಗಳು ಎಷ್ಟು. ದಾಖಲೆ ಹೆಚ್ಚು, ಫೈಲು ಕಡಿಮೆ ಎಂದಾದರೆ ಕೆಲವು ಬಂದೇ ಇಲ್ಲ, ಇಲ್ಲವೇ ಒಂದರ ಮೇಲೊಂದು ಬಿದ್ದಿವೆ. ಯಾವುದೆಂದು ತಿಳಿಯಲು ಫೈಲಿನ ಹೆಸರಿನ ಮೇಲೆ ಗುಂಪು ಮಾಡಿ, ಒಂದಕ್ಕಿಂತ ಹೆಚ್ಚು ದಾಖಲೆ ಇರುವ ಹೆಸರುಗಳನ್ನು ತೆಗೆಯಿರಿ. ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ ಫೈಲು ಕೊನೆಯ ಬಾರಿ ಬದಲಾದ ಹೊತ್ತನ್ನು ದಾಖಲೆ ಹುಟ್ಟಿದ ಹೊತ್ತಿನ ಪಕ್ಕ ಇಟ್ಟು ನೋಡಿ. ಒಮ್ಮೆ ಬಂದ ಫೋಟೋವನ್ನು ಮತ್ತೆ ಯಾರೂ ತಿದ್ದದ ಸೈಟಿನಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಮೇಷ್ಟ್ರ ದಾಖಲೆ ಶನಿವಾರ ಸಂಜೆಯದು, ಫೈಲು ಬದಲಾದದ್ದು ಭಾನುವಾರ ಬೆಳಿಗ್ಗೆ.

ಇನ್ನೊಂದು ಲಕ್ಷಣವನ್ನು ನಾವು ತಿಂಗಳುಗಟ್ಟಲೆ ಕಂಡೂ ಕಾಣದಂತೆ ಇದ್ದೆವು. ಯಾರಾದರೂ ತಮ್ಮ ಒಂದು ಫೋಟೋ ಅಳಿಸಿದರೆ ಇನ್ಯಾರದೋ ಪುಟದಲ್ಲಿ ಚಿತ್ರ ಮಾಯವಾಗುತ್ತಿತ್ತು. ಎರಡು ದಾಖಲೆಗಳು ಒಂದೇ ಫೈಲನ್ನು ತೋರಿಸುತ್ತಿದ್ದರೆ ಒಂದನ್ನು ಅಳಿಸಿದಾಗ ಇನ್ನೊಂದರ ಬುಡವೂ ಹೋಗುವುದು ಸಹಜ.

ಚುಕ್ಕಿಯ ಹಿಂದೆ ಅಡಗಿದ ಫೈಲು

ಅಪ್‌ಲೋಡ್ ಫೋಲ್ಡರಿಗೆ ಹೋಗಿ ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಆಜ್ಞೆ ಕೊಟ್ಟೆ. ಇಂಗ್ಲಿಷ್ ಹೆಸರಿನ ಫೈಲುಗಳೆಲ್ಲ ಸಾಲಾಗಿ ಬಂದವು. 1, 2, 3 ಎಂದು ಬರೀ ಅಂಕಿಯ ಹೆಸರಿನವೂ ಕೆಲವು ಇದ್ದವು. ಅಂಥ ಹೆಸರು ಯಾರೂ ಇಟ್ಟ ನೆನಪಿಲ್ಲ. ಕನ್ನಡ ಹೆಸರಿನ ಒಂದೂ ಫೈಲಿಲ್ಲ. ನಮ್ಮ ಬಳಗದಲ್ಲಿ ಅರ್ಧಕ್ಕೂ ಹೆಚ್ಚು ಜನ ಫೈಲಿಗೆ ಕನ್ನಡದಲ್ಲೇ ಹೆಸರಿಡುವವರು. ಆಮೇಲೆ ಎಲ್‌ಎಸ್ ಜೊತೆಗೆ -ಎ ಸೇರಿಸಿ, ಮುಚ್ಚಿಟ್ಟ ಫೈಲುಗಳನ್ನೂ ತೋರಿಸು ಎಂದೆ. ಪಟ್ಟಿಯ ತಲೆಯಲ್ಲಿ ಒಂದೇ ಒಂದು ಫೈಲು: ".ಜೆಪಿಜಿ". ಚುಕ್ಕಿ, ಎಕ್ಸ್‌ಟೆನ್ಷನ್, ಅಷ್ಟೇ. ತೆರೆದರೆ ನಾಯಿ.

ಕಾರಣ ನನ್ನದೇ ಒಂದು ಸಾಲು. ಫೈಲಿನ ಹೆಸರಿನಲ್ಲಿ ಅಪಾಯಕಾರಿ ಚಿಹ್ನೆ ಬರಬಾರದೆಂದು ಇಂಗ್ಲಿಷಿನ ಎ ಯಿಂದ ಝೆಡ್, 0 ಯಿಂದ 9, ಚುಕ್ಕಿ, ಅಡ್ಡಗೆರೆ ಇವಿಷ್ಟನ್ನು ಬಿಟ್ಟು ಉಳಿದದ್ದೆಲ್ಲ ತೆಗೆದುಹಾಕು ಎಂದು ಬರೆದಿದ್ದೆ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಮಾದರಿ ಕೋಡುಗಳಲ್ಲಿ ಈ ಸಾಲು ಇದೆ. "ಮಾಸ್ತಿಕಲ್ಲು.ಜೆಪಿಜಿ" ಈ ಜರಡಿಗೆ ಬಿದ್ದರೆ ".ಜೆಪಿಜಿ" ಆಗುತ್ತದೆ. "ಕೆರೆ ಏರಿ.ಜೆಪಿಜಿ" ಕೂಡ ".ಜೆಪಿಜಿ". "ವೀರಗಲ್ಲು 2" ಎಂಬುದು ಬರೀ "2" ಆಗುತ್ತದೆ. ಕನ್ನಡ ಅಂಕಿಯಲ್ಲಿ "ವೀರಗಲ್ಲು ೨" ಎಂದು ಬರೆದವರಿಗೆ ಆ ಅಂಕಿಯೂ ಉಳಿಯುವುದಿಲ್ಲ. ಲಿನಕ್ಸಿನಲ್ಲಿ ಚುಕ್ಕಿಯಿಂದ ಶುರುವಾಗುವ ಫೈಲು ಮಾಮೂಲಿ ಪಟ್ಟಿಯಲ್ಲಿ ಕಾಣುವುದಿಲ್ಲ. ಹಾಗಾಗಿ ಇಷ್ಟು ದಿನ ಫೋಲ್ಡರಿನಲ್ಲಿ ಎಲ್ಲ ಸರಿಯಾಗಿದೆ ಎಂದೇ ಭಾವಿಸಿದ್ದೆ.

ಪಿಎಚ್‌ಪಿಯ ಮೂವ್ ಅಪ್‌ಲೋಡೆಡ್ ಫೈಲ್ ಎಂಬ ಫಂಕ್ಷನ್ನು ಅದೇ ಹೆಸರಿನ ಫೈಲು ಮೊದಲೇ ಇದ್ದರೆ ತುಟಿ ಪಿಟಕ್ಕೆನ್ನದೆ ಅದರ ಮೇಲೆ ಬರೆದು ಯಶಸ್ವಿ ಎಂದು ಹೇಳುತ್ತದೆ. ಲಾಗಿನಲ್ಲಿ ಏನೂ ಇರುವುದಿಲ್ಲ. ದೋಷದ ದಾಖಲೆ ಖಾಲಿ ಇದೆ ಎಂದು ನೆಮ್ಮದಿಯಿಂದ ಇದ್ದದ್ದೇ ತಪ್ಪಾಯಿತು.

ಕೆರೆಯೂ ಕೇರಿಯೂ ಒಂದೇ ಆದದ್ದು

ಸರಿ, ಕನ್ನಡಕ್ಕೂ ಜಾಗ ಕೊಡೋಣ ಎಂದು ಜರಡಿಯನ್ನು ಬದಲಿಸಿದೆ. ಇಂಗ್ಲಿಷ್ ಅಕ್ಷರ ಎನ್ನುವ ಬದಲು ಯೂನಿಕೋಡಿನಲ್ಲಿ (ಎಲ್ಲ ಲಿಪಿಗಳ ಚಿಹ್ನೆಗಳಿಗೂ ಸಂಖ್ಯೆ ಕೊಟ್ಟ ಕಂಪ್ಯೂಟರಿನ ಪಟ್ಟಿ) "ಅಕ್ಷರ" ಎಂಬ ವರ್ಗಕ್ಕೆ ಸೇರಿದ ಏನಿದ್ದರೂ ಇರಲಿ ಎಂದೆ. ಪರೀಕ್ಷೆಗೆ "ಕೆರೆ" ಎಂಬ ಹೆಸರಿನ ಚಿತ್ರ ಹಾಕಿದೆ. ಸರ್ವರಿನಲ್ಲಿ "ಕರ" ಎಂದು ಕೂತಿತು. "ಕೇರಿ" ಹಾಕಿದೆ. ಅದೂ "ಕರ". "ಕಾರು" ಕೂಡ "ಕರ". ಮೂರೂ ಒಂದರ ಮೇಲೊಂದು.

ಯೂನಿಕೋಡಿನ ಲೆಕ್ಕದಲ್ಲಿ ಕ, ರ ಇವು ಅಕ್ಷರಗಳು. ಆದರೆ ಕಾಗುಣಿತದ ಕೊಂಬು, ಇಳಿ, ದೀರ್ಘ, ಒತ್ತಕ್ಷರ ತರುವ ಹಲಂತದ ಗುರುತು ಇವೆಲ್ಲ ಅಕ್ಷರಗಳಲ್ಲ. "ಗುರುತು" ಎಂಬ ಬೇರೆ ವರ್ಗ. ಅಕ್ಷರ ಮಾತ್ರ ಇರಲಿ ಎಂದರೆ ಕಾಗುಣಿತ ಪೂರ್ತಿ ಉದುರುತ್ತದೆ. "ಬೇಲೂರು" ಹೋಗಿ "ಬಲರ" ಆಗುತ್ತದೆ, "ವೀರಗಲ್ಲು" "ವರಗಲಲ". ಅಕ್ಷರದ ಜೊತೆಗೆ ಗುರುತಿನ ವರ್ಗವನ್ನೂ ಬಿಟ್ಟುಕೊಡಬೇಕು. ಇಂಗ್ಲಿಷಿನ ಸೈಟು ಮಾತ್ರ ಕಟ್ಟಿದವರಿಗೆ ಈ ದೋಷ ಜನ್ಮದಲ್ಲಿ ಕಾಣುವುದಿಲ್ಲ. ನಮಗೆ ಮೊದಲ ದಿನವೇ ಕಾಣಬೇಕು, ಯಾಕೋ ನಾವೂ ಪರೀಕ್ಷೆ ಮಾಡುವಾಗ "ಟೆಸ್ಟ್1" ಎಂದೇ ಹೆಸರಿಡುತ್ತೇವೆ.

ಕಾಗುಣಿತ ಉಳಿಸಿದರೂ ನೆಮ್ಮದಿ ಇಲ್ಲ. "ಕೋಟೆ" ಎಂಬ ಫೈಲನ್ನು ಬಳಗದ ಒಬ್ಬರು ಹಳೆಯ ಮ್ಯಾಕ್‌ನಿಂದ ಕಳಿಸಿದ್ದರು. ಫೋಲ್ಡರಿನಲ್ಲಿ "ಕೋಟೆ" ಇದೆ, ಡೇಟಾಬೇಸಿನಲ್ಲೂ "ಕೋಟೆ" ಇದೆ, ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೂ ಬ್ರೌಸರಿನಲ್ಲಿ 404, ಅಂದರೆ ಅಂಥ ಫೈಲೇ ಇಲ್ಲ. ಬೈಟುಗಳನ್ನು ಎಣಿಸಿದಾಗ ಗುಟ್ಟು ಬಿಟ್ಟಿತು: ಒಂದು 12 ಬೈಟು, ಇನ್ನೊಂದು 18. ಯೂನಿಕೋಡಿನಲ್ಲಿ ಓತ್ವದ ದೀರ್ಘವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಇಲ್ಲವೇ ಎತ್ವ, ಕೊಂಬಿನ ದೀರ್ಘ, ದೀರ್ಘದ ಬಾಲ ಎಂದು ಮೂರು ತುಂಡಾಗಿ ಬಿಡಿಸಿಯೂ ಇಡಬಹುದು. ನೋಡಲು ಎರಡೂ ಒಂದೇ. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಡುತ್ತಿತ್ತು. ಲಿನಕ್ಸಿಗೆ ಹೆಸರೆಂದರೆ ಬರೀ ಬೈಟುಗಳ ಸಾಲು, ಹಾಗಾಗಿ ಅದರ ಪಾಲಿಗೆ ಇವು ಬೇರೆ ಬೇರೆ ಫೈಲುಗಳು. ಒ, ಓ ಮಾತ್ರವಲ್ಲ, ಈ, ಏ, ಐ ಕಾಗುಣಿತಕ್ಕೂ ಇದೇ ಕಥೆ. ಹೆಸರನ್ನು ಉಳಿಸುವ ಮೊದಲು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸಿದ ರೂಪಕ್ಕೆ, ತಂದರೆ ಈ ಗೊಂದಲ ತೀರುತ್ತದೆ. ಪಿಎಚ್‌ಪಿಯಲ್ಲಿ ಇಂಟ್ಲ್ ವಿಸ್ತರಣೆಯ ನಾರ್ಮಲೈಸರ್ ಆ ಕೆಲಸಕ್ಕೇ ಇದೆ.

ಇದರ ಜೊತೆಗೆ ಕಣ್ಣಿಗೆ ಕಾಣದ ಜೋಡಕ, ಬಿಡಕ ಚಿಹ್ನೆಗಳೂ ಇವೆ. "ಅಪ್‌ಲೋಡ್" ಎಂದು ಪಕಾರದ ಅಡಿಗೆ ಲಕಾರ ಸೇರದಂತೆ ಬರೆಯಲು ಮಧ್ಯೆ ಒಂದು ಅಗೋಚರ ಚಿಹ್ನೆ ಹಾಕುತ್ತೇವಲ್ಲ, ಅದೂ 3 ಬೈಟು. ಒಬ್ಬರು ಹಾಕಿ ಇನ್ನೊಬ್ಬರು ಹಾಕದಿದ್ದರೆ ಎರಡು ಹೆಸರು.

ಉದ್ದದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಲಿನಕ್ಸಿನ ಎಕ್ಸ್ಟ್4 ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟಿನ ಮಿತಿ. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟು. "ಶ್ರೀ" ಎಂಬ ಒಂದೇ ಅಕ್ಷರ ನಾಲ್ಕು ಚಿಹ್ನೆ, 12 ಬೈಟು. ವಿಳಾಸದಲ್ಲಿ ಶೇಕಡಾ ಚಿಹ್ನೆ ಹಾಕಿ ಬರೆದಾಗ ಅದೇ "ಶ್ರೀ" 36 ಅಕ್ಷರ ತಿನ್ನುತ್ತದೆ. ದೇವಸ್ಥಾನದ ಪೂರ್ಣ ಹೆಸರು, ಊರು, ತಾಲ್ಲೂಕು, ದಿಕ್ಕು ಎಲ್ಲ ಸೇರಿಸಿ ಫೈಲಿಗೆ ಹೆಸರಿಡುವ ಉತ್ಸಾಹಿಗಳು ನಮ್ಮಲ್ಲಿದ್ದಾರೆ. ಅವರ ಫೈಲುಗಳು ಉಳಿಯದೇ ಹೋಗಲು ಇದೇ ಕಾರಣವಾಗಿತ್ತು. ಡೇಟಾಬೇಸಿನ ಕಂಬಸಾಲು (ಕಾಲಮ್) ಕನ್ನಡಕ್ಕೆ ಜಾಗವಿಲ್ಲದ ಲ್ಯಾಟಿನ್1 ಆಗಿದ್ದರೆ ಇನ್ನೊಂದು ಪಾಡು: ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿ, ಒಂದೇ ಉದ್ದದ ಹೆಸರುಗಳೆಲ್ಲ ಒಂದೇ ಆಗಬಹುದು. ಯುಟಿಎಫ್8ಎಂಬಿ4 ಇದೆಯೇ ನೋಡಿಕೊಳ್ಳಿ.

ಫೋನು ಇಟ್ಟ ಹೆಸರು ನಂಬಬೇಡಿ

"ಎಲ್ಲರೂ ಫೋನಿನಲ್ಲಿ ಬಂದ ಹೆಸರನ್ನೇ ಬಿಡಿ, ಬದಲಿಸಬೇಡಿ" ಎಂದು ಬಳಗಕ್ಕೆ ಹೇಳಿ ನೋಡೋಣವೇ ಎಂದು ಒಂದು ಗಳಿಗೆ ಅನ್ನಿಸಿತು. ವಾಟ್ಸಾಪಿನಲ್ಲಿ ಬಂದ ಚಿತ್ರಕ್ಕೆ ಆಂಡ್ರಾಯ್ಡ್ ಫೋನು "ಐಎಂಜಿ-20240815-ಡಬ್ಲ್ಯುಎ0003" ಎಂಬಂಥ ಹೆಸರು ಕೊಡುತ್ತದೆ. ದಿನಾಂಕ ಇದೆ, ಸಂಖ್ಯೆ ಇದೆ, ನೋಡಲು ಅನನ್ಯ ಎನಿಸುತ್ತದೆ. ಆದರೆ ಕೊನೆಯ ಸಂಖ್ಯೆ ಆಯಾ ಫೋನಿನ ಒಳಗಿನ ಎಣಿಕೆ, ದಿನವೂ ಮೊದಲಿಂದ ಶುರು. ಸ್ವಾತಂತ್ರ್ಯ ದಿನದಂದು ಧ್ವಜವಂದನೆಯ ಫೋಟೋಗಳು ಗುಂಪು ಗುಂಪಿಗೆ ಹರಿದಾಡುವಾಗ ನಾಡಿನ ಲೆಕ್ಕವಿಲ್ಲದಷ್ಟು ಫೋನುಗಳಲ್ಲಿ ಅದೇ ಹೆಸರಿನ ಬೇರೆ ಬೇರೆ ಚಿತ್ರಗಳಿರುತ್ತವೆ. ಕ್ಯಾಮೆರಾ ಮತ್ತು ಐಫೋನಿನ "ಐಎಂಜಿ_0001" ಸರಣಿ 9999 ಮುಟ್ಟಿ ಮತ್ತೆ 0001ಕ್ಕೆ ಮರಳುತ್ತದೆ. ಹೆಚ್ಚು ಫೋಟೋ ತೆಗೆಯುವ ಒಬ್ಬರೇ ತಮ್ಮ ಹಳೆಯ ಚಿತ್ರವನ್ನು ತಾವೇ ಅಳಿಸಿಕೊಳ್ಳಬಹುದು.

ಸರಿ, ನಾವೇ ಹೆಸರಿಡೋಣ. ಹೊತ್ತನ್ನು ಸೆಕೆಂಡಿನಲ್ಲಿ ಹಿಡಿದು ಅದನ್ನೇ ಹೆಸರು ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಒಬ್ಬರು ಒಂದೇ ಸಲ ಹತ್ತು ಚಿತ್ರ ಆರಿಸಿ ಕಳಿಸಿದರೆ ಸರ್ವರು ಆ ಹತ್ತನ್ನೂ ಒಂದೇ ಸೆಕೆಂಡಿನೊಳಗೆ ಮುಗಿಸುತ್ತದೆ. ಉಳಿಯುವುದು ಕೊನೆಯದು. "ಹತ್ತು ಹಾಕಿದೆ, ಹತ್ತು ಕಡೆಯೂ ಒಂದೇ ಚಿತ್ರ ಕಾಣ್ತಿದೆ" ಎಂಬ ದೂರು ಬಂದರೆ ಬೇರೆಲ್ಲೂ ಹುಡುಕಬೇಡಿ, ಇದೇ. ಪಿಎಚ್‌ಪಿಯ ಯೂನಿಕ್‌ಐಡಿ ಎಂಬ ಫಂಕ್ಷನ್ನು ಮೈಕ್ರೊಸೆಕೆಂಡಿಗೆ ಇಳಿಯುತ್ತದೆ, 13 ಅಕ್ಷರ ಕೊಡುತ್ತದೆ. ಹೆಸರಿನಲ್ಲಿ ಯೂನಿಕ್ ಇದ್ದರೂ ಅನನ್ಯ ಎಂಬ ಭರವಸೆ ಅದಕ್ಕಿಲ್ಲ. ಅದೂ ಗಡಿಯಾರ ನೋಡಿಯೇ ಹೇಳುವುದು.

ಹೆಸರಿನ ಹಿಂದೆ ನಾಲ್ಕಂಕಿಯ ಯಾದೃಚ್ಛಿಕ ಸಂಖ್ಯೆ ಅಂಟಿಸುವವರೂ ಇದ್ದಾರೆ. 10,000 ಸಂಖ್ಯೆಗಳಿವೆಯಲ್ಲ, ಸಾಲದೇ ಎಂದು. 23 ಜನ ಸೇರಿದ ಕೋಣೆಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಎಂಬ ಹಳೆಯ ಲೆಕ್ಕ ಇಲ್ಲಿಗೂ ಹೊಂದುತ್ತದೆ. 10,000 ಸಂಖ್ಯೆಗಳ ನಡುವೆ 120 ಚಿತ್ರ ಮುಟ್ಟುವಷ್ಟರಲ್ಲಿ ಎಲ್ಲೋ ಎರಡು ಡಿಕ್ಕಿ ಹೊಡೆಯುವ ಸಾಧ್ಯತೆ ಅರ್ಧ ದಾಟಿರುತ್ತದೆ.

"ಇದೇ ಹೆಸರಿನ ಫೈಲು ಇದೆಯೇ ಎಂದು ಮೊದಲು ನೋಡಿ, ಇದ್ದರೆ ಕೊನೆಗೆ -1, -2 ಸೇರಿಸು" ಎಂಬುದು ಇನ್ನೊಂದು ದಾರಿ. ವರ್ಡ್‌ಪ್ರೆಸ್ ಮಾಡುವುದೂ ಇದನ್ನೇ, ಜೊತೆಗೆ ವರ್ಷ, ತಿಂಗಳಿನ ಫೋಲ್ಡರು. ಬಹುತೇಕ ಸಾಕಾಗುತ್ತದೆ. ತೊಂದರೆ ನೋಡುವುದಕ್ಕೂ ಬರೆಯುವುದಕ್ಕೂ ನಡುವಿನ ಸಂದಿಯಲ್ಲಿದೆ. ಇಬ್ಬರು ಒಟ್ಟಿಗೆ ಬಂದು, ಇಬ್ಬರೂ ಖಾಲಿ ಇದೆ ಎಂದು ನೋಡಿ, ಇಬ್ಬರೂ ಅಲ್ಲೇ ಬರೆದರೆ? ಬಸ್ಸಿನ ಸೀಟು ಖಾಲಿ ಇದೆ ಎಂದು ಹೊರಗಿನಿಂದ ನೋಡಿಕೊಂಡು ಬಾಗಿಲಿಗೆ ಸುತ್ತಿ ಬರುವಷ್ಟರಲ್ಲಿ ಬೇರೆಯವರು ಕೂತಿರುತ್ತಾರಲ್ಲ, ಹಾಗೆ. ಕಿಟಕಿಯಿಂದ ಟವೆಲ್ ಎಸೆಯುವವನು ನೋಡುವುದು, ಹಿಡಿಯುವುದು ಎರಡನ್ನೂ ಒಂದೇ ಏಟಿಗೆ ಮುಗಿಸುತ್ತಾನೆ. ಪಿಎಚ್‌ಪಿಯಲ್ಲಿ ಆ ಟವೆಲ್ ಎಂದರೆ ಎಫ್‌ಓಪನ್‌ನ ಎಕ್ಸ್ ವಿಧಾನ: ಫೈಲು ಇಲ್ಲದಿದ್ದರೆ ಮಾತ್ರ ಸೃಷ್ಟಿಸುತ್ತದೆ, ಇದ್ದರೆ ವಿಫಲವಾಗುತ್ತದೆ. ಡೇಟಾಬೇಸಿನಲ್ಲಿ ಫೈಲಿನ ಹೆಸರಿಗೆ ಯೂನಿಕ್ ಇಂಡೆಕ್ಸ್ (ಒಂದೇ ಹೆಸರು ಎರಡು ಸಲ ಬರದಂತೆ ತಡೆಯುವ ಕಟ್ಟು) ಹಾಕಿದರೂ ಅದೇ ಕೆಲಸ.

ಅರ್ಥವುಳ್ಳ ಹೆಸರಿನ ಆಸೆ

ಬಳಗದ ಹಿರಿಯರಿಗೆ ಇಷ್ಟವಾದ ಕ್ರಮ ಇನ್ನೊಂದಿತ್ತು. ಜಿಲ್ಲೆ, ತಾಲ್ಲೂಕು, ಊರು, ಕ್ರಮಸಂಖ್ಯೆ. ಶಾಸನ ಓದುವವರಿಗೆ ಈ ಆಸೆ ಸಹಜ. ಬಿ. ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಸಂಖ್ಯೆ ಕೊಟ್ಟಿದ್ದು ಇವತ್ತಿಗೂ ಉಲ್ಲೇಖದ ಆಧಾರ. ಆದರೆ ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಪರಿಷ್ಕೃತ ಸಂಪುಟಗಳನ್ನು ತಂದಾಗ ಸಂಖ್ಯೆಗಳು ಹೊಸದಾದವು. ಈಗ ಒಂದು ಶಾಸನವನ್ನು ಹುಡುಕುವವರು ಹಳೆಯ ಸಂಪುಟವೋ ಹೊಸದೋ ಎಂದು ಮೊದಲು ಕೇಳಿಕೊಳ್ಳಬೇಕು. ನಮ್ಮ ಸೈಟಿನಲ್ಲೇ ಹಂಪಿಯ ಚಿತ್ರಗಳ ಹೆಸರು "ಬಳ್ಳಾರಿ" ಎಂದು ಶುರುವಾಗುತ್ತಿದ್ದವು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು, ಹಂಪಿ ಆ ಕಡೆ ಹೋಯಿತು. ಒಬ್ಬರು ಉತ್ಸಾಹದಿಂದ ಫೈಲುಗಳ ಹೆಸರು ಬದಲಿಸಿದರು, ಹಳೆಯ ಕೊಂಡಿಗಳೆಲ್ಲ ಮುರಿದವು. ಜಿಲ್ಲೆ, ತಾಲ್ಲೂಕು ಡೇಟಾಬೇಸಿನ ಕಂಬಸಾಲಿನಲ್ಲಿರಲಿ, ಬೇಕಾದಾಗ ತಿದ್ದಬಹುದು. ಫೈಲಿನ ಹೆಸರಿಗೆ ಅರ್ಥ ಇರದಿದ್ದಷ್ಟೂ ಅದನ್ನು ಬದಲಿಸುವ ಪ್ರಸಂಗ ಬರುವುದಿಲ್ಲ.

ಹೆಸರಿನ ದೋಷದಂತೆ ಕಾಣುವ ಬೇರೆ ದೋಷಗಳು

ದೂರುಗಳಲ್ಲಿ ಎಲ್ಲವೂ ಹೆಸರಿನದ್ದಲ್ಲ. ಪಿಎಚ್‌ಪಿಯಲ್ಲಿ ಒಂದು ಫೈಲಿನ ಮಿತಿ ಮೂಲತಃ 2 ಎಂಬಿ. ಇವತ್ತಿನ ಫೋನಿನ ಫೋಟೋ ಅದನ್ನು ಸಲೀಸಾಗಿ ದಾಟುತ್ತದೆ, ಆಗ ದೋಷಸಂಖ್ಯೆ 1 ಬರುತ್ತದೆ. ಇಡೀ ಫಾರ್ಮಿನ ಮಿತಿ 8 ಎಂಬಿ. ಇದನ್ನು ದಾಟಿದಾಗ ಆಗುವುದು ವಿಚಿತ್ರ: ದೋಷಸಂಖ್ಯೆಯೂ ಇಲ್ಲ, ಫಾರ್ಮಿನಲ್ಲಿ ತುಂಬಿದ್ದೂ ಇಲ್ಲ, ಎಲ್ಲ ಖಾಲಿ. ಯಾರೂ ಏನೂ ಕಳಿಸೇ ಇಲ್ಲವೇನೋ ಎಂಬಂತೆ ಕೋಡು ನಡೆದುಕೊಳ್ಳುತ್ತದೆ. ಒಂದೇ ಸಲಕ್ಕೆ 20 ಫೈಲುಗಳ ಮಿತಿಯೂ ಇದೆ. 25 ಕಳಿಸಿದವರು "ಕೊನೆಯ ಐದು ನುಂಗಿಹಾಕಿತು" ಎಂದರೆ ಸುಳ್ಳಲ್ಲ. ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರು ಇದ್ದರೆ ಅದರ ಮೂಲ ಮಿತಿ ಇನ್ನೂ ಕಡಿಮೆ, 1 ಎಂಬಿ. ದಾಟಿದರೆ 413 ಎಂದು ಹೇಳಿ ಬಾಗಿಲಲ್ಲೇ ತಳ್ಳುತ್ತದೆ, ಪಿಎಚ್‌ಪಿಗೆ ಸುದ್ದಿಯೇ ಮುಟ್ಟುವುದಿಲ್ಲ. ದೋಷಸಂಖ್ಯೆ 7 ಬಂದರೆ ಡಿಸ್ಕಿಗೆ ಬರೆಯಲಾಗಲಿಲ್ಲ ಎಂದರ್ಥ; ಜಾಗ ತುಂಬಿದೆಯೇ ನೋಡಿ. ಅಪ್‌ಲೋಡ್ ಫೋಲ್ಡರಿನ ಯಜಮಾನಿಕೆ ವೆಬ್ ಸರ್ವರಿನ ಬಳಕೆದಾರನಿಗೆ ಇದೆಯೇ ಎಂಬುದನ್ನೂ ನೋಡಿಬಿಡಿ, ಇಲ್ಲದಿದ್ದರೆ ಬಂದ ಫೈಲನ್ನು ಅಲ್ಲಿಗೆ ಸರಿಸುವುದೇ ಆಗುವುದಿಲ್ಲ. 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಟ್ಟು ಕೈ ತೊಳೆದುಕೊಳ್ಳಬೇಡಿ.

ನನ್ನ ಲ್ಯಾಪ್‌ಟಾಪಿನಲ್ಲಿ ಸರಿ, ಸರ್ವರಿನಲ್ಲಿ 404 ಎಂದಾದರೆ ದೊಡ್ಡಕ್ಷರ, ಸಣ್ಣಕ್ಷರ ನೋಡಿ. ವಿಂಡೋಸಿಗೂ ಮ್ಯಾಕಿಗೂ ಸಾಮಾನ್ಯವಾಗಿ ಎರಡೂ ಒಂದೇ, ಲಿನಕ್ಸಿಗೆ ಬೇರೆ.

ಐಫೋನಿನ ಚಿತ್ರ ಬಂದಿದೆ, ಹೆಸರೂ ಸರಿ, ಆದರೆ ಮುರಿದ ಚಿತ್ರದ ಗುರುತು ಮಾತ್ರ ಕಾಣುತ್ತಿದ್ದರೆ ಅದು ಎಚ್‌ಇಐಸಿ ಇರಬಹುದು. 2017ರ ಐಓಎಸ್ 11ರಿಂದ ಐಫೋನು ಈ ರೂಪದಲ್ಲಿ ಉಳಿಸುತ್ತಿದೆ, ಕ್ರೋಮ್ ಅದನ್ನು ತೋರಿಸುವುದಿಲ್ಲ. ಎಕ್ಸ್‌ಟೆನ್ಷನ್ ಅಳಿಸಿ ಜೆಪಿಜಿ ಎಂದು ಬರೆದರೆ ಅದು ಜೆಪಿಜಿ ಆಗುವುದಿಲ್ಲ. ಡಬ್ಬದ ಮೇಲಿನ ಚೀಟಿ ಬದಲಿಸಿದರೆ ಒಳಗಿನ ಹುಣಸೆ ಬೆಲ್ಲವಾಗುವುದಿಲ್ಲವಲ್ಲ. ಇದಕ್ಕೇ ಎಕ್ಸ್‌ಟೆನ್ಷನ್ನನ್ನು ಕಳಿಸಿದವರ ಹೆಸರಿನಿಂದ ತೆಗೆದುಕೊಳ್ಳಬಾರದು, ಬ್ರೌಸರು ಹೇಳುವ ಬಗೆಯನ್ನೂ ನಂಬಬಾರದು. ಫೈಲಿನ ಮೊದಲ ಬೈಟುಗಳನ್ನು ಓದಿ ನಿರ್ಧರಿಸಬೇಕು. ಪಿಎಚ್‌ಪಿಯ ಫೈಲ್‌ಇನ್ಫೋ ವಿಸ್ತರಣೆ ಅದನ್ನು ಮಾಡುತ್ತದೆ. ಜೆಪಿಜಿ, ಪಿಎನ್‌ಜಿ, ವೆಬ್‌ಪಿ ಈ ಮೂರಲ್ಲದೆ ಬೇರೇನಿದ್ದರೂ ನಾವು ವಾಪಸು ಕಳಿಸುತ್ತೇವೆ. "ಫೋಟೋ.ಪಿಎಚ್‌ಪಿ.ಜೆಪಿಜಿ" ಎಂಬಂಥ ಎರಡು ಬಾಲದ ಹೆಸರುಗಳ ಅಪಾಯವೂ ಇದರಿಂದ ತಪ್ಪುತ್ತದೆ, ಹೆಸರನ್ನೇ ನಾವು ಬಳಸುವುದಿಲ್ಲವಲ್ಲ.

ಈಗ ಇರುವ ಕ್ರಮ

ಸರ್ವರು 16 ಬೈಟುಗಳ ಯಾದೃಚ್ಛಿಕ ಮೊತ್ತವನ್ನು ರ‍್ಯಾಂಡಮ್ ಬೈಟ್ಸ್‌ನಿಂದ ಪಡೆದು 32 ಅಕ್ಷರದ ಹೆಸರು ಮಾಡುತ್ತದೆ. ಈ ಫಂಕ್ಷನ್ನು ಪಿಎಚ್‌ಪಿ 7ರಿಂದ ಇದೆ. ಮೊದಲೆರಡು ಅಕ್ಷರಗಳೇ ಉಪಫೋಲ್ಡರು, ಹೀಗೆ 256 ಫೋಲ್ಡರುಗಳಿಗೆ ಹಂಚಿಕೆ. ಎಕ್ಸ್‌ಟೆನ್ಷನ್ನನ್ನು ಫೈಲಿನ ಒಳಗಿನ ಬೈಟು ನೋಡಿ ಇಡುತ್ತದೆ. ಯುಯುಐಡಿ ಎಂಬ ಸಿದ್ಧ ಮಾದರಿಯ ಅನನ್ಯ ಗುರುತು ಬಳಸಿದರೂ ಆಗುತ್ತದೆ, 36 ಅಕ್ಷರ, ನಾಲ್ಕನೇ ಆವೃತ್ತಿಯಲ್ಲಿ 122 ಬಿಟ್‌ಗಳು ಯಾದೃಚ್ಛಿಕ. ನನಗೆ ಅಡ್ಡಗೆರೆಗಳು ಬೇಡವಾಗಿದ್ದವು, ಅಷ್ಟೇ. ಚಿತ್ರದ ಒಳಗಿನ ಬೈಟುಗಳಿಂದಲೇ ಶಾ-256 ಹ್ಯಾಷ್ (ಬೆರಳಚ್ಚಿನಂಥ ಗುರುತು) ತೆಗೆದು ಅದನ್ನೇ ಹೆಸರು ಮಾಡುವುದನ್ನೂ ಯೋಚಿಸಿದ್ದೆ. ಒಂದೇ ಚಿತ್ರ ಎರಡು ಬಾರಿ ಬಂದರೆ ಒಂದೇ ಪ್ರತಿ ಉಳಿಯುತ್ತದೆ, ಚೆಂದ. ಆದರೆ ಆಗ ಮತ್ತೆ ಎರಡು ದಾಖಲೆ ಒಂದು ಫೈಲನ್ನು ಹಂಚಿಕೊಳ್ಳುತ್ತವೆ, ಅಳಿಸುವಾಗ ಇನ್ಯಾರಾದರೂ ಬಳಸುತ್ತಿದ್ದಾರೆಯೇ ಎಂದು ಎಣಿಸಬೇಕು. ಅದೇ ಗುಂಡಿಗೆ ಮತ್ತೆ ಬೀಳುವ ಮನಸ್ಸಿರಲಿಲ್ಲ. ಹ್ಯಾಷನ್ನು ಬೇರೆ ಕಂಬಸಾಲಿನಲ್ಲಿ ಇಟ್ಟು, "ಈ ಫೋಟೋ ಆಗಲೇ ಇದೆ" ಎಂದು ಎಚ್ಚರಿಸಲು ಮಾತ್ರ ಬಳಸುತ್ತೇನೆ.

ಕಳಿಸಿದವರು ಇಟ್ಟ ಹೆಸರು ಎನ್‌ಎಫ್‌ಸಿ ಮಾಡಿ ಡೇಟಾಬೇಸಿಗೆ ಹೋಗುತ್ತದೆ, ಡಿಸ್ಕಿಗೆ ಹೋಗುವುದಿಲ್ಲ. ಚಿತ್ರವನ್ನು ಒಮ್ಮೆ ಹೊಸದಾಗಿ ಎನ್‌ಕೋಡ್ ಮಾಡಿ ಉಳಿಸುವುದರಿಂದ ಒಳಗಿನ ಜಿಪಿಎಸ್ ಮಾಹಿತಿಯೂ ಹೋಗುತ್ತದೆ. ನಿಧಿಯಾಸೆಗೆ ಕಲ್ಲು ಕೀಳುವವರಿಗೆ ನಾವೇ ದಾರಿ ತೋರಿಸಿದಂತೆ ಆಗಬಾರದು. ಹೆಸರು ಎಂದೂ ಮರುಬಳಕೆ ಆಗದ್ದರಿಂದ ಕ್ಯಾಷ್ ಅವಧಿಯನ್ನು ಧೈರ್ಯವಾಗಿ ಒಂದು ವರ್ಷಕ್ಕೆ, ಅಂದರೆ 31536000 ಸೆಕೆಂಡಿಗೆ ಇಟ್ಟೆ. ಚಿತ್ರ ಬದಲಿಸಿದರೆ ಹೊಸ ಹೆಸರು, ಹೊಸ ವಿಳಾಸ. ಎಫ್5 ಒತ್ತಿ ಎಂದು ಯಾರಿಗೂ ಹೇಳಬೇಕಿಲ್ಲ.

ಹಳೆಯದನ್ನು ಸರಿಪಡಿಸುವುದೇ ಹೆಚ್ಚು ಬೆವರಿಳಿಸಿತು. ಮೊದಲು ಫೋಲ್ಡರು, ಡೇಟಾಬೇಸು ಎರಡರ ಪೂರ್ತಿ ನಕಲು ತೆಗೆದಿಡಿ. ಒಂದೇ ಫೈಲನ್ನು ಹಲವು ದಾಖಲೆಗಳು ತೋರಿಸುತ್ತಿದ್ದರೆ, ಫೈಲು ಬದಲಾದ ಹೊತ್ತಿಗೆ ತೀರ ಹತ್ತಿರವಿರುವ ದಾಖಲೆಗೆ ಮಾತ್ರ ಅದು ಸೇರಿದ್ದು. ಉಳಿದವಕ್ಕೆ "ಚಿತ್ರ ಕಳೆದಿದೆ" ಎಂದು ಗುರುತು ಹಾಕಿ. ಹಳೆಯ ಹೆಸರು, ಹೊಸ ಹೆಸರಿನ ಪಟ್ಟಿಯನ್ನು ಉಳಿಸಿ, ಹಳೆಯ ವಿಳಾಸಗಳನ್ನು ಹೊಸದಕ್ಕೆ 301 (ಶಾಶ್ವತವಾಗಿ ಬದಲಾಗಿದೆ ಎಂಬ ಸೂಚನೆ) ಮಾಡಿ ತಿರುಗಿಸಿ. ಮೇಲೆ ಬರೆಯಲ್ಪಟ್ಟ ಫೈಲು ಹಿಂದಿನ ಬ್ಯಾಕಪ್ಪಿನಲ್ಲಿ ಇಲ್ಲದಿದ್ದರೆ ಮರಳಿ ಸಿಗುವುದಿಲ್ಲ. ನಮಗೆ ಒಂದು ಅದೃಷ್ಟವಿತ್ತು. ಪಟ್ಟಿಯಲ್ಲಿ ತೋರಿಸುವ ಚಿಕ್ಕ ಚಿತ್ರಗಳನ್ನು ಯಾವುದೋ ಕಾಲದಲ್ಲಿ ದಾಖಲೆಯ ಸಂಖ್ಯೆಯಿಂದಲೇ ಹೆಸರಿಸಿದ್ದೆ, ಅವು ಒಂದರ ಮೇಲೊಂದು ಬಿದ್ದಿರಲಿಲ್ಲ. 300 ಪಿಕ್ಸೆಲ್ ಅಗಲದ ಆ ಚಿತ್ರ ನೋಡಿ ಯಾರ ಯಾವ ಕಲ್ಲು ಎಂದು ಗುರುತಿಸಿ, ಒಬ್ಬೊಬ್ಬರಿಗೂ ಫೋನು ಮಾಡಿ ಮತ್ತೆ ಕಳಿಸಲು ಹೇಳಿದೆ.

ಮೇಷ್ಟ್ರು ಮಾಸ್ತಿಕಲ್ಲು ಮತ್ತೆ ಹಾಕಿದರು. ಸಂಜೆ ಮತ್ತೆ ಫೋನು.

"ಬಂತಪ್ಪಾ, ಚೆನ್ನಾಗಿ ಬಂತು. ಆದರೆ ಇಳಿಸಿಕೊಂಡರೆ ಹೆಸರು ಮಂತ್ರವಾದಿಯ ತಗಡಿನ ಥರ ಇದೆಯಲ್ಲ."

32 ಅಕ್ಷರದ ಆ ಹೆಸರೇ ಇಳಿಸಿದ ಫೈಲಿಗೂ ಅಂಟಿಕೊಂಡಿತ್ತು. ಡೌನ್‌ಲೋಡ್ ಕೊಂಡಿಯಲ್ಲಿ ಕಂಟೆಂಟ್ ಡಿಸ್ಪೊಸಿಷನ್ ಹೆಡರು ಸೇರಿಸಿ, ಫೈಲ್‌ನೇಮ್ ಪಕ್ಕ ನಕ್ಷತ್ರ ಚಿಹ್ನೆ ಇರುವ ರೂಪದಲ್ಲಿ ಯುಟಿಎಫ್-8 ಎಂದು ಹೇಳಿ, ಡೇಟಾಬೇಸಿನಲ್ಲಿದ್ದ ಹೆಸರನ್ನು ಶೇಕಡಾ ಚಿಹ್ನೆಯಲ್ಲಿ ಬರೆದು ಕಳಿಸಿದೆ. ನಕ್ಷತ್ರವಿಲ್ಲದ ರೂಪದಲ್ಲಿ ಕನ್ನಡ ಕೊಟ್ಟರೆ ಬ್ರೌಸರುಗಳು ಒಂದೊಂದು ಥರ ಕುಣಿಯುತ್ತವೆ. ಈಗ ಅವರ ಲ್ಯಾಪ್‌ಟಾಪಿಗೆ "ಮಾಸ್ತಿಕಲ್ಲು ೨.ಜೆಪಿಜಿ" ಎಂದೇ ಇಳಿಯುತ್ತದೆ, ಕನ್ನಡ ಅಂಕಿಯೂ ಸೇರಿ. ನಾಯಿಯ ಫೋಟೋ ಹಾಕಿದವರು ಮಾತ್ರ ವೀರಗಲ್ಲಿನ ಬೇರೆ ಚಿತ್ರ ಇನ್ನೂ ಕಳಿಸಿಲ್ಲ.